ಕೆರೆ ಒಡೆಯುವುದಿಲ್ಲ

ನಮ್ಮ ಮಾವನವರಿಗೆ ಸಿಂಗಪುರದಲ್ಲಿ ಮೊಟ್ಟಮೊದಲು ಸಿಟ್ಟು ಬಂದದ್ದು ಒಂದು ಕೆರೆಯ ಮೇಲೆ. ಬುಕಿತ್ ಬಾಟೋಕಿನ ನಮ್ಮ ಫ್ಲಾಟಿನಿಂದ ನಡೆದುಹೋಗುವಷ್ಟು ದೂರದಲ್ಲಿ ಹಳೆಯ ಕಲ್ಲುಕ್ವಾರಿಯೊಂದಿದೆ. ಕಲ್ಲು ತೆಗೆದ ಹಳ್ಳದಲ್ಲಿ ನೀರು ನಿಂತಿದೆ, ಹಿಂದೆ ಬಂಡೆ ಗೋಡೆಯಂತೆ ಎದ್ದಿದೆ, ಸುತ್ತ ಪಾರ್ಕು ಮಾಡಿದ್ದಾರೆ. ಮದುವೆಯಾಗುವ ಜೋಡಿಗಳು ಫೋಟೋ ತೆಗೆಸಿಕೊಳ್ಳಲು ಅಲ್ಲಿಗೆ ಬರುತ್ತಾರೆ. ಮಾವನವರು ಊರಿಂದ ಬಂದ ಮಾರನೆಯ ಬೆಳಿಗ್ಗೆಯೇ ಅದನ್ನು ಒಂದು ಸುತ್ತು ಹಾಕಿ ಬಂದು, ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

“ಏನಮ್ಮಾ ಇದು? ಏರಿ ಇಲ್ಲ, ತೂಬಿಲ್ಲ, ಕೋಡಿ ಅನ್ನೋದು ಎಲ್ಲೂ ಕಾಣ್ಲಿಲ್ಲ. ಹಿಂಗೆ ಮಳೆ ಹೊಡಿಯೋ ಊರಲ್ಲಿ ಹೆಚ್ಚಾದ ನೀರು ಎಲ್ಲಿಗೆ ಹೋಗುತ್ತೆ?”

“ಅದು ಕೆರೆಯಲ್ಲ ಮಾವ, ಕ್ವಾರಿ.”

“ನೀರು ನಿಂತ ಮೇಲೆ ಕೆರೆನೇ ಕಣಮ್ಮ. ತಾನು ಕ್ವಾರೀಲಿದೀನಿ ಅಂತ ನೀರಿಗೆ ಗೊತ್ತಾಗುತ್ತಾ?”

ಅವರ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಮಂಡ್ಯ, ಮೈಸೂರು ಕಡೆ ನೀರಾವರಿ ಇಂಜಿನಿಯರ್ ಆಗಿ ಇಡೀ ಸರ್ವೀಸನ್ನು ಕೆರೆಗಳ ಏರಿಯ ಮೇಲೆ ನಡೆದೇ ಮುಗಿಸಿದವರು ಅವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೆರೆ ಒಡೆದದ್ದನ್ನು ಕಣ್ಣಾರೆ ಕಂಡಿದ್ದರು. ಮರಳಿನ ಚೀಲ ಪೇರಿಸುತ್ತಿದ್ದ ಹಾಗೆಯೇ ಏರಿ ಕಾಲ ಕೆಳಗಿಂದ ಜಾರಿ, ಗದ್ದೆ, ಕೊಟ್ಟಿಗೆ, ಎತ್ತು ಎಲ್ಲ ಕೆಂಪು ನೀರಿನಲ್ಲಿ ಹೋದವಂತೆ. ಆವತ್ತಿನಿಂದ ‘ಒಡೆಯೋದು’ ಅಂದರೆ ಅವರ ಪಾಲಿಗೆ ಒಂದೇ ಅರ್ಥ. ತೆಂಗಿನಕಾಯಿ ಒಡೆದರೂ, ಮಡಕೆ ಒಡೆದರೂ ಅವರ ಮನಸ್ಸಿನಲ್ಲಿ ಮೊದಲು ಒಡೆಯುತ್ತಿದ್ದದ್ದು ಕೆರೆ. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇರಲು ಬಂದರು.

ನಾನು ಪಾಸಿರ್ ಪಂಜಾಂಗಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ನನ್ನ ಗಂಡ ಬ್ಯಾಂಕಿನ ಕೆಲಸದ ಮೇಲೆ ತಿಂಗಳಲ್ಲಿ ಅರ್ಧದಷ್ಟು ದಿನ ಬೇರೆ ದೇಶಗಳಲ್ಲೇ ಇರುತ್ತಿದ್ದರು. ಹೀಗಾಗಿ ಮಗಳನ್ನೂ ಮಾವನವರನ್ನೂ ಹಗಲೆಲ್ಲ ನೋಡಿಕೊಳ್ಳುತ್ತಿದ್ದವಳು ನಮ್ಮ ಮನೆಯ ಹೆಲ್ಪರ್. ಜಾವಾ ದ್ವೀಪದವಳು, ಮೂವತ್ತರ ಆಸುಪಾಸು. ಮಾವನವರು ಬರುವ ಹೊತ್ತಿಗೆ ಅವಳು ನಮ್ಮ ಮನೆಗೆ ಬಂದು ಕೆಲವು ವರ್ಷವಾಗಿತ್ತು, ಹುಳಿ ಸಾರು ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ಮಾವನವರು ಮನೆಯೊಳಗೆ ಇಂಗ್ಲಿಷ್ ಆಡುವುದಿಲ್ಲವೆಂದು ಹಟ ಹಿಡಿದ ಮೇಲೆ ಅವಳೇ ಕನ್ನಡ ಕಲಿತಳು. ಆದರೆ ಅವಳ ಕನ್ನಡದಲ್ಲಿ ಎಲ್ಲ ಕ್ರಿಯೆಗಳಿಗೂ ಒಂದೇ ಬಾಲ. ನಾನು ಬರ್ತದೆ, ಮ್ಯಾಡಮ್ ಬರ್ತದೆ, ಬಸ್ಸು ಬರ್ತದೆ. ನನ್ನ ಮಗಳು “ನಾನು ಬರ್ತೀನಿ ಅನ್ಬೇಕು ಲಾ!” ಅಂತ ಸಿಂಗಪುರದ ರಾಗದಲ್ಲಿ ತಿದ್ದಿ ತಿದ್ದಿ ಸೋತು, ಕೊನೆಗೆ ತಾನೇ ಹಾಗೆ ಮಾತಾಡಲು ಶುರುಮಾಡಿದಳು. ನನ್ನ ಮಗಳ ಬಾಯಿಂದಲೇ ಕಲಿತು ಅವಳೂ ಮಾವನವರನ್ನು ತಾತ ಎಂದು ಕರೆಯುತ್ತಿದ್ದಳು.

ಒಂದು ದಿನ ಅವಳು ಮಾವನವರನ್ನು ಅದೇ ಕ್ವಾರಿ ಪಾರ್ಕಿಗೆ ಕರೆದುಕೊಂಡು ಹೋಗಿದ್ದಳು. ಅವರು ಎಂದಿನಂತೆ ಕೋಡಿ ಹುಡುಕುತ್ತಾ ಗೊಣಗುತ್ತಿದ್ದಾಗ, ತಮ್ಮ ಊರಿನಲ್ಲೂ ಕೆರೆಯಿತ್ತು, ಅದು ಬೆಟ್ಟದ ತುದಿಯಲ್ಲಿತ್ತು ಎಂದಳಂತೆ. ಮಾವನವರು ನಂಬಲಿಲ್ಲ. ಬೆಟ್ಟದ ತುದಿಯಲ್ಲಿ ಯಾವನಾದರೂ ಕೆರೆ ಕಟ್ಟುತ್ತಾನೆಯೇ? ಮನೆಗೆ ಬಂದು ಅವಳು ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದಳು. ಕೆಲುದ್ ಎಂಬ ಜ್ವಾಲಾಮುಖಿ, ಅದರ ಬಾಯಿಯೊಳಗೆ ಹಸಿರು ಬಣ್ಣದ ನೀರು. ಅವಳ ತಾಯಿ, ಶಾಲೆಗೆ ಹೋಗುವ ಮಗಳು, ಒಂದು ಹಸು, ಎಲ್ಲ ಆ ಬೆಟ್ಟದ ಬುಡದ ಹಳ್ಳಿಯಲ್ಲಿದ್ದರು. ಗಂಡ ಎಲ್ಲಿದ್ದಾನೆಂದು ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಅಲ್ಲಿಂದ ನಮ್ಮ ಮನೆಯಲ್ಲಿ ಕೆಲುದ್ ಪುರಾಣ ಶುರುವಾಯಿತು. ನಾನು ಆಫೀಸಿನಿಂದ ಬಂದು ಬ್ಯಾಗು ಕೆಳಗಿಡುವುದರೊಳಗೆ ಮಾವನವರು ಟ್ಯಾಬು ಹಿಡಿದು ಎದುರಿಗೆ ನಿಲ್ಲುತ್ತಿದ್ದರು.

“ಡಚ್ಚರು ಬೆಟ್ಟಕ್ಕೆ ತೂಬು ಇಟ್ಟಿದಾರೆ ಕಣಮ್ಮ! ಬೆಟ್ಟಕ್ಕೆ!”

ಅಷ್ಟು ಸಂತೋಷವನ್ನು ಅವರ ಮುಖದಲ್ಲಿ ಮೊಮ್ಮಗಳು ಹುಟ್ಟಿದಾಗ ಕಂಡಿದ್ದೆ, ಆಮೇಲೆ ಈಗಲೇ. ವಿಷಯವೇನೆಂದರೆ, ಆ ಬೆಟ್ಟದ ಕೆಳಗೆ, ಬಹಳ ಆಳದಲ್ಲಿ, ಹಿಂದೂ ಮಹಾಸಾಗರದ ತಳದ ನೆಲ ಜಾವಾದ ಅಡಿಗೆ ನುಗ್ಗುತ್ತಿದೆ. ನುಗ್ಗುವಾಗ ಜೊತೆಗೆ ನೀರನ್ನೂ ಒಯ್ಯುತ್ತದೆ. ಆ ನೀರು ಸೇರಿದ ಕಡೆ ಮೇಲಿನ ಕಲ್ಲು ಸುಲಭವಾಗಿ ಕರಗುತ್ತದೆ, ಕರಗಿದ್ದು ಮೇಲೇರುತ್ತದೆ. “ನಮ್ಮ ಕಡೆ ಸಮುದ್ರದ ನೆಲಾನೇ ಅವರ ಕಾಲಡಿಗೆ ಹೋಗ್ತಿರೋದು, ಅಂದ್ರೆ ನಮಗೂ ಅವರಿಗೂ ಸಂಬಂಧ ಐತೆ,” ಎಂದು ಮಾವನವರು ಅವಳಿಗೆ ಹೇಳುತ್ತಿದ್ದರು. ಸಾವಿರಾರು ವರ್ಷಗಳಿಂದ ಉಗುಳಿ ಉಗುಳಿ ಬೆಳೆದ ಆ ಬೆಟ್ಟದ ಬಾಯಲ್ಲಿ ಮಳೆನೀರು ನಿಂತು ಕೆರೆಯಾಗಿತ್ತು. ಬೆಂಕಿ ಎದ್ದಾಗಲೆಲ್ಲ ಆ ನೀರು ಒಟ್ಟಿಗೆ ಹೊರಚೆಲ್ಲಿ, ಬೂದಿಯನ್ನೂ ಬಂಡೆಯನ್ನೂ ಕಲಸಿಕೊಂಡು, ಬಿಸಿ ಕೆಸರಾಗಿ ಕಣಿವೆಗಳಲ್ಲಿ ಇಳಿಯುತ್ತಿತ್ತು. ಜಾವಾದವರು ಅದಕ್ಕೆ ಲಹಾರ್ ಎನ್ನುತ್ತಾರೆ. ೧೯೧೯ರಲ್ಲಿ ಹಾಗೆ ಇಳಿದ ಕೆಸರಿನಲ್ಲಿ ಸುಮಾರು ಐದು ಸಾವಿರ ಜನ ಹೋದರು. ಅದಾದ ಮೇಲೆ ಡಚ್ಚರು ಬೆಟ್ಟದ ಪಕ್ಕೆಯಲ್ಲಿ ಸುರಂಗ ಕೊರೆದು ಕೆರೆಯ ನೀರನ್ನು ಇಳಿಸಿದರು.

ಮಾವನವರು ಅದನ್ನು ತಮ್ಮದೇ ಸಬ್‌ಡಿವಿಷನ್ನಿನ ಕೆಲಸವೆಂಬಂತೆ ವಿಚಾರಿಸಿಕೊಂಡರು. ೧೯೫೧ರಲ್ಲಿ ಬೆಟ್ಟ ಮತ್ತೆ ಎದ್ದು ಕೆರೆಯ ತಳ ಇನ್ನೂ ಕೆಳಗೆ ಹೋಯಿತು, ಸುರಂಗ ಕೆಟ್ಟಿತು. ಸರಿಮಾಡಿದರೂ ಅದರ ಮಟ್ಟಕ್ಕಿಂತ ಕೆಳಗೆ ತುಂಬಾ ನೀರು ಉಳಿಯಿತು. “ತಳ ಕೆಳಗೆ ಹೋದ್ಮೇಲೆ ತೂಬು ಮೇಲಿದ್ದು ಏನುಪಯೋಗ? ನಮ್ಮ ಹೊಸ ಜೂನಿಯರ್ ಇಂಜಿನಿಯರ್ ಕೂಡ ಹೇಳ್ತಿದ್ದ!” ೧೯೬೬ರಲ್ಲಿ ಮತ್ತೆ ಲಹಾರ್ ಬಂದು ಜನ ಸತ್ತ ಮೇಲೆ ಕೆಳಮಟ್ಟದಲ್ಲಿ ಇನ್ನೊಂದು ಸುರಂಗ ಕೊರೆದರು. ೧೯೯೦ರಲ್ಲಿ ಬೆಟ್ಟ ಎದ್ದಾಗ ಮೊದಲಿನಂಥ ದೊಡ್ಡ ಲಹಾರ್ ಬರಲಿಲ್ಲ. ಅಲ್ಲಿಗೆ ಮಾವನವರ ದೃಷ್ಟಿಯಲ್ಲಿ ಕೆಲುದ್ ಕತೆ ಸುಖಾಂತ್ಯವಾಯಿತು.

ಕೊನೆಯ ಅಧ್ಯಾಯ ೨೦೦೭ರದು. ಅದನ್ನು ಹೇಳಿದವಳು ನಮ್ಮ ಹೆಲ್ಪರೇ, ಏಕೆಂದರೆ ಆಗ ಅವಳು ಊರಲ್ಲಿದ್ದಳು. ಕೆರೆಯ ನೀರು ಬಿಸಿಯಾಯಿತು, ಬಣ್ಣ ತಿರುಗಿತು, ಸರ್ಕಾರ ಎಲ್ಲರನ್ನೂ ಲಾರಿ ಹತ್ತಿಸಿ ಶಿಬಿರಕ್ಕೆ ಕಳಿಸಿತು. ಕಾದರು, ಕಾದರು. ಏನೂ ಸಿಡಿಯಲಿಲ್ಲ. ಕೆರೆಯ ನಡುವಿನಿಂದ ಕಪ್ಪು ಕಲ್ಲಿನ ಗುಡ್ಡವೊಂದು ಹೊಗೆಯಾಡುತ್ತಾ ಮೆಲ್ಲಗೆ ಮೇಲೆದ್ದು, ಕೆರೆಯನ್ನು ಹೆಚ್ಚುಕಡಿಮೆ ಮುಚ್ಚಿಬಿಟ್ಟಿತು, ಅಷ್ಟೆ. ಅವಳ ತಾಯಿ ಶಿಬಿರದಿಂದ ವಾಪಸು ಬಂದಾಗ ಕೊಟ್ಟಿಗೆಯಲ್ಲಿದ್ದ ಹಸು ಇರಲಿಲ್ಲ. ಸತ್ತಿತೋ ಯಾರಾದರೂ ಹೊಡೆದುಕೊಂಡು ಹೋದರೋ ಗೊತ್ತಾಗಲಿಲ್ಲ. ಇನ್ನು ಈ ಜನ್ಮದಲ್ಲಿ ಯಾರು ಹೇಳಿದರೂ ಮನೆ ಬಿಡುವುದಿಲ್ಲವೆಂದು ಆ ಮುದುಕಿ ಆಣೆಯಿಟ್ಟಳಂತೆ. ಈಗಿರುವ ಹಸು ಮಗಳು ಸಿಂಗಪುರದಿಂದ ಕಳಿಸಿದ ಸಂಬಳದಲ್ಲಿ ಕೊಂಡದ್ದು.

“ಈಗ ಕೆರೆ ಇಲ್ವೇ ಇಲ್ವಾ?” ಎಂದು ಮಾವನವರು ಕೇಳಿದರು. ಅವರ ದನಿಯಲ್ಲಿ ನಿರಾಸೆಯಿತ್ತು.

“ಇಲ್ಲದೆ ತಾತ. ಕಲ್ಲು ಮಾತ್ರ ಅದೆ.”

೨೦೧೪ರ ಫೆಬ್ರವರಿಯಲ್ಲಿ ಕೆಲುದ್ ಮತ್ತೆ ಮಿಸುಕಾಡಲು ತೊಡಗಿತು. ಅಲ್ಲಿನ ಸರ್ಕಾರ ಎಚ್ಚರಿಕೆಯನ್ನು ಒಂದೊಂದೇ ಮೆಟ್ಟಿಲು ಏರಿಸಿತು. ನಮ್ಮ ಹೆಲ್ಪರ್ ದಿನಾ ಅಡುಗೆಮನೆಯಲ್ಲಿ ಫೋನು ಹಿಡಿದು ತಾಯಿಯ ಜೊತೆ ಜಗಳ ಆಡುವುದು ನನಗೆ ಕೇಳುತ್ತಿತ್ತು. ಭಾಷೆ ಅರ್ಥವಾಗದಿದ್ದರೂ ತಾಯಿ ಮಗಳ ಜಗಳ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಇವಳು ಗೋಗರೆಯುವುದು, ಆಚೆಯಿಂದ ಒಂದು ಬೈಗುಳ, ಆಮೇಲೆ ಫೋನು ಕಟ್ಟಾಗುವುದು. ಇವಳು ಸಿಂಕಿನ ಮುಂದೆ ನಿಂತು ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಉಜ್ಜುವುದು.

ಆ ವಾರದ ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದೆ. ಮಾವನವರು ಸೋಫಾದಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅವರ ಮುಂದೆ ಬಂದು ನಿಂತಳು.

“ತಾತ, ನೀವು ಇಂಜಿನಿಯರ್. ಹೇಳಿ. ಈ ಸಲ ಬರ್ಸ್ಟ್ ಆಗ್ತದೆ? ನೋ ಬರ್ಸ್ಟ್?”

ಮಾವನವರು ಲೋಟ ಕೆಳಗಿಟ್ಟರು. ಯಾರಾದರೂ ತಮ್ಮನ್ನು ಇಂಜಿನಿಯರ್ ಎಂದು ಕೇಳಿ ಎಷ್ಟು ಕಾಲವಾಗಿತ್ತೋ, ಬೆನ್ನು ತಾನಾಗಿ ನೆಟ್ಟಗಾಯಿತು.

“ನೀರೆಲ್ಲಮ್ಮ ಐತೆ ಅಲ್ಲಿ? ಕೆರೆ ಮುಚ್ಚೋಗಿದೆ. ನೀರೇ ಇಲ್ದಿದ್ಮೇಲೆ ಒಡಿಯೋಕೆ ಏನೈತೆ? ನೋ ವಾಟರ್. ನೋ ಬರ್ಸ್ಟ್.”

“ನೋ ಬರ್ಸ್ಟ್?”

“ನೋ ಬರ್ಸ್ಟ್. ನಾನು ಹೇಳ್ತೀನಿ, ಬರ್ಕೋ.”

ಅವಳು ಅಲ್ಲೇ ನಿಂತು ಊರಿಗೆ ಫೋನು ಮಾಡಿದಳು. ಜಾವಾ ಮಾತಿನ ನಡುವೆ ಇನ್ಸಿನ್ಯುರ್, ಇನ್ಸಿನ್ಯುರ್ ಎಂಬ ಶಬ್ದ ಮತ್ತೆ ಮತ್ತೆ ಬಂತು. ಇಂಜಿನಿಯರ್ ಎಂದರ್ಥ. ಆಚೆಯಿಂದ ಬೈಗುಳ ಬರಲಿಲ್ಲ, ನಗು ಕೇಳಿಸಿತು. ಮಾವನವರು ನನ್ನ ಕಡೆ ನೋಡಿ ಹುಬ್ಬು ಕುಣಿಸಿದರು. ನಾನೂ ನಕ್ಕು ಬಸ್ಸಿಗೆ ಓಡಿದೆ.

ಶುಕ್ರವಾರ ಬೆಳಿಗ್ಗೆ ನಾನು ಎದ್ದು ಅಡುಗೆಮನೆಗೆ ಹೋದರೆ ಕಾಫಿಯ ವಾಸನೆಯಿಲ್ಲ. ಅವಳು ವಾಷಿಂಗ್ ಮೆಷಿನ್ನಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಏನಾಯ್ತು ಎಂದು ಕೇಳಿದರೆ ಫೋನನ್ನು ನನ್ನ ಕಡೆ ಚಾಚಿದಳು. ಒಂದು ಬೀದಿ. ಮೊದಲು ನನಗೆ ಮಂಜು ಬಿದ್ದಂತೆ ಕಂಡಿತು. ಮನೆ, ಮರ, ಸ್ಕೂಟರು, ನಾಯಿ, ಎಲ್ಲದಕ್ಕೂ ಒಂದೇ ಬೂದು ಬಣ್ಣ. ಜನ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಗಲಲ್ಲೇ ದೀಪ ಹಾಕಿಕೊಂಡು ಓಡಾಡುತ್ತಿದ್ದರು. ಅದು ಅವಳ ಹಳ್ಳಿಯಲ್ಲ, ಬೆಟ್ಟದಿಂದ ಬಹುದೂರದ ಜೋಗ್ಯಕರ್ತಾ ನಗರವೆಂದು ಕೆಳಗೆ ಬರೆದಿತ್ತು. ಅಷ್ಟು ದೂರವೇ ಹೀಗಾದರೆ ಬುಡದಲ್ಲಿ ಹೇಗಿರಬೇಕು ಎಂದುಕೊಂಡೆ. ನಾನೂ ಅವಳ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟೆ.

ಮಾವನವರು ಪಂಚೆ ಸರಿಮಾಡಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು.

“ನಿನ್ನೆ ರಾತ್ರಿ ಬೆಟ್ಟ ಸಿಡಿದಿದೆ ಮಾವ,” ಎಂದೆ.

“ನೀರು ಬಂತಾ?”

ನನಗೆ ಮೈಯೆಲ್ಲ ಉರಿದುಹೋಯಿತು. “ನೀರಲ್ಲ ಮಾವ, ಬೆಟ್ಟ! ಬೆಟ್ಟವೇ ಸಿಡಿದಿದೆ! ನೀರು ನೀರು ಅಂತೀರಲ್ಲ!”

“ನೀರಿಲ್ದೆ ಹೆಂಗಮ್ಮ ಒಡೀತು?” ಎಂದರು. ವಾದದ ದನಿಯಲ್ಲ ಅದು. ಲೆಕ್ಕ ತಪ್ಪಿದ ಹುಡುಗ ಮೇಷ್ಟರನ್ನು ಕೇಳುವ ಹಾಗಿತ್ತು. ನಾನು ಫೋನಿನಲ್ಲಿದ್ದ ಸುದ್ದಿಯನ್ನು ಗಟ್ಟಿಯಾಗಿ ಓದಿದೆ. ಕೆರೆಯನ್ನು ಮುಚ್ಚಿದ್ದ ಆ ಕಪ್ಪು ಕಲ್ಲಿನ ಗುಡ್ಡ ಈಗ ಇಲ್ಲ. ಇಡೀ ಗುಡ್ಡ ಪುಡಿಪುಡಿಯಾಗಿ, ವಿಮಾನಗಳು ಹಾರುವ ಎತ್ತರವನ್ನೂ ದಾಟಿ ಮೇಲೆ ಹೋಗಿ, ಅರ್ಧ ಜಾವಾದ ಮೇಲೆ ಉದುರುತ್ತಿದೆ. ಅದು ಬೆಟ್ಟದ ಬಾಯಿಗೆ ಬಿರಡೆಯಾಗಿ ಕೂತಿತ್ತು. ಒಳಗಿನ ಕಲ್ಲಿನ ರಸದಲ್ಲಿ ಗಾಳಿ, ಹಬೆ ಕರಗಿ ಸೇರಿರುತ್ತವೆ. ದಾರಿ ಸಿಕ್ಕರೆ ಮೆಲ್ಲಗೆ ಹೋಗುತ್ತವೆ, ಕಟ್ಟಿಹಾಕಿದರೆ ಒಂದು ದಿನ ಎಲ್ಲವನ್ನೂ ಹೊತ್ತುಕೊಂಡು ಹಾರುತ್ತವೆ. ಕುಕ್ಕರಿನ ವಿಸಿಲ್ಲಿನ ಮೇಲೆ ಗುಂಡುಕಲ್ಲು ಇಟ್ಟ ಹಾಗೆ. ಮಾವನವರು ಯಾವುದನ್ನು ನೋಡಿ ಅಪಾಯ ಮುಗಿಯಿತು ಎಂದರೋ ಅದೇ ಅಪಾಯವಾಗಿತ್ತು.

ಅವರು ಗೋಡೆ ಹಿಡಿದು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ನಾನು ಆಫೀಸಿಗೆ ರಜೆ ಹಾಕಿದೆ.

ಅವಳ ತಾಯಿಯ ಫೋನು ಹತ್ತಲಿಲ್ಲ. ಪಕ್ಕದ ಮನೆಯವರದು ಹತ್ತಲಿಲ್ಲ. ಅವಳು ಗುಂಡಿ ಒತ್ತುವುದು, ಕಿವಿಗಿಡುವುದು, ಇಳಿಸುವುದು, ಮತ್ತೆ ಒತ್ತುವುದು. ನಾನು ಕಾಫಿ ಮಾಡಿ ಮುಂದಿಟ್ಟರೆ ಅದು ಕೆನೆಗಟ್ಟಿತು. ಮಧ್ಯಾಹ್ನ ಯಾವುದೋ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಆಚೆ ಅವಳ ಮಗಳು! ಶಿಬಿರದಲ್ಲಿದ್ದಾಳೆ, ಕ್ಷೇಮವಾಗಿದ್ದಾಳೆ. ನನಗೆ ಅಳು ಬಂದುಬಿಟ್ಟಿತು, ಅಯ್ಯೋ ದೇವರೇ ಬದುಕಿಸಿದೆ ಎಂದು ಕೈ ಮುಗಿದೆ. ಮಾವನವರು ಕುರ್ಚಿಯಿಂದ ಎದ್ದು ನಿಂತಿದ್ದರು.

ಆದರೆ ಅವಳ ಮುಖ ಬಿಚ್ಚಿಕೊಳ್ಳಲಿಲ್ಲ. ಮಗಳ ಕೈಯಿಂದ ಯಾರೋ ದೊಡ್ಡವರು ಫೋನು ಇಸಿದುಕೊಂಡಿದ್ದರು. ಅವಳು ಕೇಳುತ್ತಾ ಹೋದಳು, ಒಂದೊಂದು ಸಲ ಹೂಂಗುಟ್ಟಿದಳು. ಕೊನೆಗೆ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟು ನನಗೆ ಇಂಗ್ಲಿಷಿನಲ್ಲಿ ಹೇಳಿದಳು. ಗುರುವಾರ ರಾತ್ರಿ ಊರು ಬಿಡಲು ಆಜ್ಞೆಯಾದಾಗ ಅವಳ ತಾಯಿ ಮೊಮ್ಮಗಳನ್ನು ಪಕ್ಕದ ಮನೆಯವರ ಜೊತೆ ಲಾರಿ ಹತ್ತಿಸಿದಳು. ಹಸುವಿದೆ, ನಾನು ಬರುವುದಿಲ್ಲ, ನನ್ನ ಮಗಳು ಕೆಲಸ ಮಾಡುವ ಮನೆಯ ಇಂಜಿನಿಯರ್ ಬರ್ಸ್ಟ್ ಆಗುವುದಿಲ್ಲ ಎಂದಿದ್ದಾರೆ ಎಂದಳು. ಎರಡು ಗಂಟೆಯೊಳಗೆ ಕಲ್ಲೂ ಬೂದಿಯೂ ಸುರಿದವು. ಹೆಂಚಿನ ಮನೆ. ಬೆಳಗಾದ ಮೇಲೆ ಹೋದವರು ಕುಸಿದ ಛಾವಣಿಯನ್ನು ಸರಿಸಿ ನೋಡಿದರು.

ಇಂಜಿನಿಯರ್ ಮಾತನ್ನು ಆ ಮುದುಕಿ ತನ್ನ ಮಟ್ಟಿಗೆ ನಂಬಿದಳು, ಮೊಮ್ಮಗಳ ಮಟ್ಟಿಗೆ ನಂಬಲಿಲ್ಲ. ಇದು ಹೊಳೆದಾಗ ನನಗೆ ಗರ ಬಡಿದಂತಾಯಿತು. ಕೈಯಲ್ಲಿದ್ದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ಹಿಡಿದುಕೊಂಡೇ ಇದ್ದೆ.

ಮಾವನವರಿಗೆ ಹೇಳಬೇಕಾದವಳು ನಾನೇ. ಹೇಳಿದೆ. “ನೀರಲ್ಲ ಮಾವ. ಛಾವಣಿ.” ಅವರು ನನ್ನ ಬಾಯನ್ನೇ ನೋಡುತ್ತಿದ್ದರು, ನಾನು ಇನ್ನೂ ಏನನ್ನೋ ಹೇಳುವುದಿದೆ ಎಂಬಂತೆ. ಆಮೇಲೆ ಟ್ಯಾಬು ತರಿಸಿಕೊಂಡು, ತಾವು ಹಿಂದೆ ಓದಿದ್ದನ್ನೇ ಮತ್ತೆ ತೆಗೆದು ಓದಿದರು. ೧೯೯೦ರ ಭಾಗಕ್ಕೆ ಬಂದು ನಿಂತರು. ಲಹಾರ್ ಕಡಿಮೆ ಎಂಬುದರ ಕೆಳಗೇ ಇನ್ನೊಂದು ಸಾಲಿತ್ತು. ಆ ಸಲ ಸತ್ತವರಲ್ಲಿ ಹೆಚ್ಚಿನವರು ಬೂದಿಯ ಭಾರಕ್ಕೆ ಕುಸಿದ ಮನೆಗಳಡಿ ಸಿಕ್ಕವರು.

“ಇದನ್ನ ನಾನು ಓದಿದ್ದೆ ಕಣಮ್ಮ,” ಎಂದರು. “ಓದಿ ಮುಂದಕ್ಕೆ ಹೋದೆ. ನೀರಿನ ವಿಷ್ಯ ಅಲ್ವಲ್ಲ ಅಂತ.”

ಅವಳು ಹೊರಡಲು ಆಗಲಿಲ್ಲ. ಬೂದಿಯಿಂದಾಗಿ ಸುರಬಾಯಾ, ಜೋಗ್ಯಕರ್ತಾ ಮುಂತಾದ ಕಡೆಯ ವಿಮಾನ ನಿಲ್ದಾಣಗಳೆಲ್ಲ ಮುಚ್ಚಿದ್ದವು. ನನ್ನ ಗಂಡ ತಾವಿದ್ದ ಊರಿನಿಂದಲೇ ಫೋನಿನ ಮೇಲೆ ಫೋನು ಮಾಡಿ ಟಿಕೆಟ್ಟು ಬುಕ್ ಮಾಡುವುದು, ಅದು ಕ್ಯಾನ್ಸಲ್ ಆಗುವುದು, ಇದೇ ಆಯಿತು. ಅವಳ ಕಡೆಯವರು ಮುಸ್ಲಿಮರು, ಹೂಳುವುದನ್ನು ತಡಮಾಡುವುದಿಲ್ಲ. ಅವಳಿಲ್ಲದೆಯೇ ಎಲ್ಲ ಮುಗಿಯಿತು. ಅವಳು ನನ್ನ ಮಗಳ ಕೋಣೆಯಲ್ಲಿ ಚಾಪೆ ಹಾಸಿ ಪ್ರಾರ್ಥನೆ ಮಾಡಿದಳು. ಮುಗಿಸಿ ಎದ್ದು, ನಾನು ಎಷ್ಟು ಬೇಡವೆಂದರೂ ಕೇಳದೆ, ಮಾವನವರಿಗೆ ಗಂಜಿ ಮಾಡಿ ಕೊಟ್ಟಳು. ಅವರು ಎರಡು ದಿನದಿಂದ ಏನೂ ತಿಂದಿರಲಿಲ್ಲ.

“ತಾತ, ತಿನ್ನಿ. ನೀರು ಬಂದಿಲ್ಲದೆ. ತಾತ ಹೇಳಿದ್ದು ಸರಿ,” ಎಂದಳು.

ನಾನು ಬೆಚ್ಚಿಬಿದ್ದೆ. ಕುಹಕವೇ ಎಂದು ಅವಳ ಮುಖ ನೋಡಿದೆ. ಕುಹಕದ ಸುಳಿವೂ ಇರಲಿಲ್ಲ. ಮಾವನವರು ಚಮಚವನ್ನು ಬಟ್ಟಲಿಗೆ ಬಿಟ್ಟು ಎದ್ದು ಹೋದರು. ಮಗಳು ಸ್ಕೂಲಿನ ಪುಸ್ತಕ ಹರಡಿಕೊಂಡು ಕೂತಿದ್ದವಳು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು.

ಭಾನುವಾರ ಸುರಬಾಯಾಕ್ಕೆ ವಿಮಾನ ಇದೆಯೆಂದು ಗೊತ್ತಾಯಿತು. ಅವಳು ಕೋಣೆಯಲ್ಲಿ ಬ್ಯಾಗು ತುಂಬುತ್ತಿದ್ದಳು. ಮಾವನವರು ನನ್ನನ್ನು ಹಾಲಿನ ಮೂಲೆಗೆ ಕರೆದರು. ಶರ್ಟು ಹಾಕಿಕೊಂಡಿದ್ದರು, ತಲೆ ಬಾಚಿಕೊಂಡಿದ್ದರು, ಸಾಹೇಬರನ್ನು ಕಾಣಲು ಹೊರಟವರ ಹಾಗೆ.

“ಅವಳಿಗೆ ಒಂದು ಮಾತು ಹೇಳ್ಬೇಕು. ನೀನು 'ಟ್ರಾನ್ಸ್‌ಲೇಟ್' ಮಾಡ್ಬೇಕು. ನಂದು ಎಸ್ಟಿಮೇಟ್ ಬರಿಯೋ ಇಂಗ್ಲಿಷು, ಅವಳದು ಉಪ್ಪು ಸಾರಿನ ಕನ್ನಡ. ಇದು ಅದರಲ್ಲಿ ಹೇಳೋ ಮಾತಲ್ಲ.”

“ಏನು ಮಾವ?”

“ಅವಳು ಬೆಟ್ಟ ಕೇಳಿದ್ಲು. ನಾನು ಕೆರೆ ಹೇಳಿದೆ. ಇಬ್ರೂ ಬರ್ಸ್ಟ್ ಅಂದ್ವಿ. ಅವಳಿಗೆ ಅದು ಗೊತ್ತಿಲ್ಲ, ನೀರು ಬರ್ಲಿಲ್ಲ, ತಾತ ಹೇಳಿದ್ದು ಸರಿ ಅಂತಾಳೆ. ನನ್ನ ಮಾತಿಂದ ಅವಳ ಅಮ್ಮ ಹೋಗಿದಾರೆ ಅಂತ ಅವಳಿಗೆ ಗೊತ್ತಾಗ್ಬೇಕು.”

ನನಗೆ ದಿಗಿಲಾಯಿತು. “ಬೇಡ ಮಾವ. ಅವಳು ನಂಬಿಕೊಂಡಿರೋ ಹಾಗೇ ಇರಲಿ. ಹೇಳಿದ್ರೆ ನಿಮ್ಮ ಎದೆ ಹಗುರಾಗಬಹುದು, ಆ ಭಾರ ಅವಳು ಹೊತ್ಕೊಂಡು ಹೋಗ್ಬೇಕಲ್ಲ? ಮಣ್ಣಿಗೆ ಹೋಗೋಕೂ ಆಗದೆ ಇದ್ದವಳು!”

“ಗೊತ್ತಿಲ್ದೆ ನನಗೆ ಗಂಜಿ ಮಾಡಿ ಕೊಡ್ತಾಳಲ್ಲಮ್ಮ,” ಎಂದರು. “ಅದನ್ನ ಹೆಂಗೆ ತಿನ್ಲಿ ನಾನು?”

ನಾನು ಆ ಮನೆಗೆ ಸೊಸೆಯಾಗಿ ಹೋದಾಗಿನಿಂದ ಅವರು ಯಾರ ಮುಂದೆಯೂ ತಪ್ಪಾಯಿತೆಂದು ಹೇಳಿದ್ದು ಕೇಳಿರಲಿಲ್ಲ. ಅತ್ತೆಯ ಮುಂದೆಯೂ ಇಲ್ಲ. ಇನ್ನು ತಡೆಯುವ ಧೈರ್ಯ ನನಗೆ ಉಳಿಯಲಿಲ್ಲ.

ಅವಳು ಇಲ್ಲಿನ ಅಂಗಡಿಯಲ್ಲಿ ತನ್ನ ಮಗಳಿಗೆಂದು ಕೊಂಡಿಟ್ಟಿದ್ದ ಫ್ರಾಕೊಂದನ್ನು ಮಡಚುತ್ತಿದ್ದಳು. ನಾವಿಬ್ಬರೂ ಬಾಗಿಲಲ್ಲಿ ನಿಂತೆವು. ಮಾವನವರು ಒಂದೊಂದೇ ವಾಕ್ಯ ಹೇಳಿದರು, ನಾನು ಒಂದೊಂದನ್ನೇ ಇಂಗ್ಲಿಷಿಗೆ ತಂದೆ. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ನಮ್ಮ ಕಡೆ ಕೆರೆಗೆ ಒಡೆಯುವುದು ಎನ್ನುತ್ತೇವೆ. ನಾನು ಅದನ್ನೇ ಬರ್ಸ್ಟ್ ಎಂದುಕೊಂಡೆ. ನೀನು ಕೇಳಿದ್ದು ಬೆಟ್ಟ. ಬೆಟ್ಟದ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಬೇಕಿತ್ತು. ನಾನು ಹೇಳಲಿಲ್ಲ. ಕೊನೆಯ ವಾಕ್ಯಕ್ಕೆ ಬರುವಾಗ ಅವರು ಎರಡೂ ಕೈ ಜೋಡಿಸಿದ್ದರು. ಸೊಸೆಗಿಂತ ಚಿಕ್ಕವಳಾದ ಹೆಂಗಸಿನ ಮುಂದೆ, ನಮ್ಮ ಮಾವನವರು.

ಅವಳು ಫ್ರಾಕನ್ನು ಬ್ಯಾಗಿನೊಳಗಿಟ್ಟು ಅಂಗೈಯಿಂದ ಒತ್ತಿ ಸರಿಮಾಡಿದಳು. ಆಮೇಲೆ ಎದ್ದು ಬಂದು ಅವರ ಜೋಡಿಸಿದ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ನನ್ನ ಕಡೆ ನೋಡಲಿಲ್ಲ. ಅವರ ಭಾಷೆಯಲ್ಲೇ ಹೇಳಿದಳು.

“ನಂಗೆ ಗೊತ್ತದೆ ತಾತ. ನಾನು ಬೆಟ್ಟ ಕೇಳ್ತದೆ, ತಾತ ನೀರು ಹೇಳ್ತದೆ. ಆವತ್ತೇ ಗೊತ್ತದೆ.”

ಮಾವನವರು ನನ್ನ ಮುಖ ನೋಡಿದರು. ನಾನು ಅವಳ ಮುಖ ನೋಡಿದೆ. ಮುದುಕನ ಮೇಲಿನ ಕನಿಕರಕ್ಕೆ ಹೇಳುತ್ತಿದ್ದಾಳೋ, ನಿಜವೇ ಇದೋ, ಇವತ್ತಿಗೂ ನನಗೆ ತಿಳಿಯದು.

“ಗೊತ್ತಿದ್ದೂ ಯಾಕಮ್ಮ ಸುಮ್ನಿದ್ದೆ?” ಎಂದರು ಮಾವನವರು.

“ಅಮ್ಮ ದಿನಾ ಬೈತದೆ. ನಾನು ಹೋಗು ಹೋಗು ಹೇಳ್ತದೆ, ಅಮ್ಮ ಫೋನ್ ಕಟ್ ಮಾಡ್ತದೆ. ಆವತ್ತು ತಾತ ನೋ ಬರ್ಸ್ಟ್ ಹೇಳ್ತು. ಅಮ್ಮ ಬೈಲಿಲ್ಲ, ನಗ್ತು. ಎಷ್ಟೋ ದಿನ ಆದ್ಮೇಲೆ ನಗ್ತು.” ಅವಳು ಅವರ ಕೈ ಬಿಟ್ಟಳು. “ನಾನು ಇನ್ನೊಂದು ಸಲ ಕೇಳ್ಬೇಕಿತ್ತು. ತಾತ, ನೀರು ಬೇಡ, ಬೆಟ್ಟ ಹೇಳಿ ಅಂತ. ಕೇಳಿದ್ರೆ ತಾತ ಯೆಸ್ ಬರ್ಸ್ಟ್ ಹೇಳ್ತದೆ, ಅಮ್ಮ ಮತ್ತೆ ಬೈತದೆ. ಅದಕ್ಕೆ ಕೇಳಿಲ್ಲ.”